ದೆಹಲಿ–ಟೋಕಿಯೊ: ದೂರ ಒಂದೇ, ಹೊತ್ತು ಮಾತ್ರ ಎರಡು

ಒಂದು ಟಿಕೆಟ್ ಕಣ್ಣ ಮುಂದೆ ತಂದುಕೊಳ್ಳಿ. ದೆಹಲಿಯಿಂದ ರಾತ್ರಿ 8:00ಕ್ಕೆ ಹೊರಟು ಟೋಕಿಯೊ ತಲುಪುವುದು ಮಾರನೇ ದಿನ ಬೆಳಿಗ್ಗೆ 7:30ಕ್ಕೆ. ವಾಪಸ್ ಬರುವಾಗ ಟೋಕಿಯೊದಿಂದ ಬೆಳಿಗ್ಗೆ 11:00ಕ್ಕೆ ಬಿಟ್ಟು ದೆಹಲಿಗೆ ಅದೇ ಸಂಜೆ 5:00ಕ್ಕೆ. ಇದು ಯಾವ ಕಂಪನಿಯ ಟಿಕೆಟ್ಟೂ ಅಲ್ಲ, ಲೆಕ್ಕ ಸುಲಭ ಆಗಲಿ ಅಂತ ನಾನೇ ದುಂಡಗೆ ಮಾಡಿಕೊಂಡದ್ದು. ನಿಜವಾದ ಟಿಕೆಟ್‌ಗಳೂ ಹೆಚ್ಚುಕಡಿಮೆ ಹೀಗೇ ಇರುತ್ತವೆ.

ಸುಮ್ನೆ ಕಳೆದು ನೋಡಿದರೆ ಹೋಗೋದಕ್ಕೆ ಹನ್ನೊಂದೂವರೆ ಗಂಟೆ, ಬರೋದಕ್ಕೆ ಆರೇ ಗಂಟೆ. ಹೋಗುವಾಗ ಕಷ್ಟ, ಬರುವಾಗ ಸುಲಭ ಅಂತ ಕಾಣುತ್ತದೆ, ಅಲ್ವಾ? ನಿಜ ಪೂರ್ತಿ ಉಲ್ಟಾ. ಹೋಗುವಾಗಲೇ ವಿಮಾನ ಬೇಗ ಮುಟ್ಟುತ್ತದೆ. ಬರುವಾಗ ಒಂದೂವರೆ ಗಂಟೆ ಜಾಸ್ತಿ ಕೂತಿರಬೇಕು.

ಮೊದಲು ಗಡಿಯಾರದ ಗಂಟು ಬಿಡಿಸೋಣ. ಭಾರತದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದ್ದು. ಆ ಗೆರೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದು ಹೋಗುತ್ತದೆ. ಜಪಾನಿನ ಸಮಯ 135 ಡಿಗ್ರಿಯದು, ಅದು ಅಕಾಶಿ ಎಂಬ ಊರಿನ ಮೇಲೆ ಹೋಗುತ್ತದೆ. ಎರಡರ ನಡುವೆ 52.5 ಡಿಗ್ರಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಭಾಗಿಸಿದರೆ ಕರಾರುವಾಕ್ಕಾಗಿ ಮೂರೂವರೆ ಗಂಟೆ. ದೆಹಲಿಯಲ್ಲಿ ಮಧ್ಯಾಹ್ನ 12 ಆದಾಗ ಟೋಕಿಯೊದಲ್ಲಿ 3:30. ಎರಡೂ ದೇಶಗಳಲ್ಲಿ ಬೇಸಿಗೆಗೊಂದು ಚಳಿಗಾಲಕ್ಕೊಂದು ಅಂತ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ. ಹಾಗಾಗಿ ಈ ಮೂರೂವರೆ ವರ್ಷಪೂರ್ತಿ ಮೂರೂವರೆಯೇ.

ಈಗ ಹೋಗುವ ಹನ್ನೊಂದೂವರೆಯಿಂದ ಮೂರೂವರೆ ಕಳೆಯಿರಿ: 8 ಗಂಟೆ. ಬರುವ ಆರಕ್ಕೆ ಮೂರೂವರೆ ಕೂಡಿಸಿ: 9:30. ಇದೇ ನಿಜವಾದ ಪ್ರಯಾಣ.

ಇಲ್ಲೊಂದು ಸಣ್ಣ ಉಪಾಯ ಇದೆ, ನನಗೆ ಬಹಳ ಇಷ್ಟ. ಎರಡೂರಿನ ಸಮಯದ ವ್ಯತ್ಯಾಸ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಹೋಗುವ ಟಿಕೆಟ್‌ನ ಗಡಿಯಾರದ ಅಂತರ, ಬರುವ ಟಿಕೆಟ್‌ನ ಅಂತರ, ಎರಡನ್ನೂ ಕೂಡಿಸಿ. ಹನ್ನೊಂದೂವರೆಗೆ ಆರು ಸೇರಿ ಹದಿನೇಳೂವರೆ. ಒಂದು ಕಡೆ ಸೇರಿಕೊಂಡ ಮೂರೂವರೆ ಇನ್ನೊಂದು ಕಡೆ ಕಳೆದುಹೋಗಿ ಸೊನ್ನೆಯಾಗಿದೆ. ಅರ್ಧ ಮಾಡಿದರೆ ಎಂಟೂಮುಕ್ಕಾಲು. ಇದು ಒಂದು ಕಡೆಯ ಸರಾಸರಿ ಹೊತ್ತು. ಜಗತ್ತಿನ ಯಾವ ಎರಡು ವಿಮಾನ ನಿಲ್ದಾಣಗಳಿಗೂ ಈ ಲೆಕ್ಕ ನಡೆಯುತ್ತದೆ. ಎರಡೂ ನೇರ ವಿಮಾನ ಆಗಿರಬೇಕು, ನಡುವೆ ಗಡಿಯಾರ ತಿರುಗಿಸಿರಬಾರದು, ಅಷ್ಟೇ.

ಆದರೆ ಗಡಿಯಾರದ ಗಂಟು ಬಿಚ್ಚಿದ ಮೇಲೂ 8 ಮತ್ತು 9:30ರ ನಡುವಿನ ಒಂದೂವರೆ ಗಂಟೆ ಉಳಿಯಿತು. ಅದನ್ನು ಹಿಡಿಯಲು ಮೊದಲು ದೂರ ಅಂದರೆ ಏನು ಅಂತ ನೋಡಬೇಕು.

ದಾರ ಮತ್ತು ಗ್ಲೋಬ್

ದೆಹಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣ ಇರುವುದು 28.57 ಡಿಗ್ರಿ ಉತ್ತರ, 77.10 ಡಿಗ್ರಿ ಪೂರ್ವದಲ್ಲಿ. ಟೋಕಿಯೊದ ಹನೆಡಾ ನಿಲ್ದಾಣ 35.55 ಡಿಗ್ರಿ ಉತ್ತರ, 139.78 ಡಿಗ್ರಿ ಪೂರ್ವದಲ್ಲಿ. ಭೂಮಿಯ ನಟ್ಟನಡುವೆ ನಿಂತು ಒಂದು ಕೈ ದೆಹಲಿಯ ಕಡೆಗೂ ಇನ್ನೊಂದು ಕೈ ಹನೆಡಾದ ಕಡೆಗೂ ಚಾಚಿದಿರಿ ಅಂತಿಟ್ಟುಕೊಳ್ಳಿ. ಎರಡು ಕೈಗಳ ನಡುವಿನ ಕೋನ ಸುಮಾರು 52.7 ಡಿಗ್ರಿ. ಪೂರ್ತಿ ಸುತ್ತು 360 ಡಿಗ್ರಿ, ಅಂದರೆ ಸುಮಾರು 40,030 ಕಿಲೋಮೀಟರ್. ಅದರಲ್ಲಿ 52.7 ಡಿಗ್ರಿಯ ಪಾಲು ಸುಮಾರು 5,860 ಕಿ.ಮೀ. ಎರಡು ನಿಲ್ದಾಣಗಳ ನಡುವಿನ ದೂರ ಅಂತ ಎಲ್ಲೆಲ್ಲೂ ಓದುವುದು ಈ ಬಗೆಯ ಅಂಕಿಯನ್ನೇ. ಭೂಮಿ ಪೂರ್ತಿ ದುಂಡಗಿಲ್ಲ. ಹೊಟ್ಟೆಯ ಹತ್ತಿರ ಸ್ವಲ್ಪ ಉಬ್ಬಿದೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡವರ ಉತ್ತರಕ್ಕೂ ಬಿಟ್ಟವರ ಉತ್ತರಕ್ಕೂ ಹತ್ತು ಕಿಲೋಮೀಟರ್‌ನಷ್ಟು ಹೆಚ್ಚುಕಡಿಮೆ ಬರುತ್ತದೆ. ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದದ್ದು ಆ ಗೆರೆ ಎಲ್ಲೆಲ್ಲಿ ಹೋಗುತ್ತದೆ ಎನ್ನುವುದಕ್ಕೆ. ಗೋಡೆಗೆ ನೇತುಹಾಕುವ ಚಪ್ಪಟೆ ಭೂಪಟದಲ್ಲಿ ದೆಹಲಿಗೂ ಟೋಕಿಯೊಗೂ ಸ್ಕೇಲ್ ಇಟ್ಟು ಗೆರೆ ಎಳೆದರೆ, ಅದು ಚೀನಾದ ಶಿಯಾನ್ ನಗರದ ದಕ್ಷಿಣಕ್ಕೆ ಹಾದು ಹೋಗುತ್ತದೆ. ಈಗ ಒಂದು ಗ್ಲೋಬ್ ತೆಗೆದುಕೊಳ್ಳಿ. ದೆಹಲಿಯ ಮೇಲೆ ಒಂದು ಬೆರಳಿಂದ ದಾರ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಟೋಕಿಯೊದಲ್ಲಿ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಮೇಲಕ್ಕೆ ಜಾರುತ್ತದೆ. ಶಿಯಾನ್‌ನ ಉತ್ತರಕ್ಕೆ ಹೋಗಿ, ಶಾಂಡೊಂಗ್ ಪರ್ಯಾಯ ದ್ವೀಪದ ಮೇಲೆ ಹಾದು, ಹಳದಿ ಸಮುದ್ರ ದಾಟಿ, ಸೋಲ್ ನಗರದ ದಕ್ಷಿಣಕ್ಕೆ ಕೊರಿಯಾವನ್ನು ಸವರಿಕೊಂಡು ಜಪಾನ್ ಸೇರುತ್ತದೆ. ಟೋಕಿಯೊ ಇರುವುದೇ 35.5 ಡಿಗ್ರಿ ಉತ್ತರದಲ್ಲಿ. ದಾರ ಮಾತ್ರ ನಡುವೆ 37 ಡಿಗ್ರಿ ತನಕ ಏರಿ, ಆಮೇಲೆ ಸ್ವಲ್ಪ ಕೆಳಗಿಳಿದು ಟೋಕಿಯೊ ಮುಟ್ಟುತ್ತದೆ.

ಇದನ್ನು ಮಹಾವೃತ್ತ ಅನ್ನುತ್ತಾರೆ. ಚೆಂಡಿನ ಮೇಲೆ ಎರಡು ಚುಕ್ಕಿಗಳ ನಡುವಿನ ಅತಿ ಹತ್ತಿರದ ದಾರಿ ಇದೇ. ಚಪ್ಪಟೆ ಭೂಪಟದ ನೇರ ಗೆರೆ ಹಿಡಿದು ಹೋದರೆ ಸುಮಾರು 5,950 ಕಿ.ಮೀ. ಆಗುತ್ತದೆ. ಅಂದರೆ 90 ಕಿ.ಮೀ. ಜಾಸ್ತಿ. ನೋಡಲು ನೇರ, ಹೋಗಲು ಬಳಸು. ಸೀಟಿನ ಮುಂದಿನ ಪರದೆಯಲ್ಲಿ ವಿಮಾನದ ದಾರಿ ಬಿಲ್ಲಿನಂತೆ ಬಾಗಿರುವುದನ್ನು ನೋಡಿ 'ಯಾಕಪ್ಪಾ ಸುತ್ತು ಹೊಡೆಯುತ್ತಿದ್ದಾನೆ' ಅಂದುಕೊಳ್ಳುವವರು ಬಹಳ. ಸಾಮಾನ್ಯವಾಗಿ ಬಾಗಿರುವುದು ದಾರಿಯಲ್ಲ, ಭೂಪಟ.

ಸಾಮಾನ್ಯವಾಗಿ ಅಂತ ಯಾಕೆ ಅಂದೆ ಅಂದರೆ, ದೆಹಲಿ–ಟೋಕಿಯೊ ವಿಮಾನ ನಿಜಕ್ಕೂ ಸುತ್ತು ಹೊಡೆಯುತ್ತದೆ.

ದಾರ ಹೋದಲ್ಲಿ ವಿಮಾನ ಹೋಗುವುದಿಲ್ಲ

ಗ್ಲೋಬ್ ಮೇಲಿನ ದಾರವನ್ನು ದೆಹಲಿಯ ಕಡೆಯಿಂದ ಇನ್ನೊಮ್ಮೆ ನೋಡಿ. ಅದು ಈಶಾನ್ಯಕ್ಕೆ ಹೊರಟು ನೇರ ಹಿಮಾಲಯದ ಮೇಲೆ, ಆಮೇಲೆ ಟಿಬೆಟ್ ಮೇಲೆ ಹೋಗುತ್ತದೆ. ವಿಮಾನ ಹಾರುವುದು 10–11 ಕಿಲೋಮೀಟರ್ ಎತ್ತರದಲ್ಲಿ. ಎವರೆಸ್ಟ್ ಕೂಡ 8,849 ಮೀಟರ್ ಅಷ್ಟೇ. ಹಾಗಾದರೆ ಮೇಲಿಂದ ದಾಟಿಕೊಂಡು ಹೋಗಬಹುದಲ್ಲ?

ಎಲ್ಲ ಸರಿಯಿದ್ದಾಗ ಹೋಗಬಹುದು. ದಾರಿ ಹಾಕುವವರು ಯೋಚಿಸುವುದು ಏನಾದರೂ ಕೆಟ್ಟಾಗ ಏನು ಮಾಡಬೇಕು ಅಂತ. ಕ್ಯಾಬಿನ್‌ನೊಳಗಿನ ಗಾಳಿಯ ಒತ್ತಡ ಹೊರಟುಹೋಯಿತು ಅನ್ನಿ. ತಲೆಯ ಮೇಲಿಂದ ಹಳದಿ ಮಾಸ್ಕ್‌ಗಳು ಕೆಳಗೆ ಬೀಳುತ್ತವೆ. ಬಹುತೇಕ ವಿಮಾನಗಳಲ್ಲಿ ಪ್ರಯಾಣಿಕರ ಆ ಆಮ್ಲಜನಕ ಬರುವುದು ಹೆಚ್ಚುಕಡಿಮೆ ಕಾಲು ಗಂಟೆ. ಅಷ್ಟರಲ್ಲಿ ಪೈಲಟ್ ವಿಮಾನವನ್ನು 10,000 ಅಡಿಗೆ, ಅಂದರೆ ಸುಮಾರು 3,000 ಮೀಟರ್‌ಗೆ ಇಳಿಸಬೇಕು. ಅಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಸಮುದ್ರದ ಮೇಲೆ, ಬಯಲಿನ ಮೇಲೆ ಇದು ದೊಡ್ಡ ಮಾತಲ್ಲ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರ್‌ಗಿಂತ ಜಾಸ್ತಿ. ನೀವು ಇಳಿಯಬೇಕಾದ ಎತ್ತರಕ್ಕಿಂತ ನೆಲವೇ ಒಂದೂವರೆ ಕಿಲೋಮೀಟರ್ ಮೇಲಿದೆ! ಅದೂ ಒಂದೆರಡು ಬೆಟ್ಟವಲ್ಲ, ವಿಮಾನಕ್ಕೆ ಗಂಟೆಗಟ್ಟಲೆ ಹಿಡಿಯುವಷ್ಟು ಅಗಲದ ನೆಲ. ಎರಡು ಎಂಜಿನ್‌ಗಳಲ್ಲಿ ಒಂದು ನಿಂತರೂ ಇದೇ ತೊಂದರೆ. ಒಂದೇ ಎಂಜಿನ್‌ನಲ್ಲಿ ವಿಮಾನ ಹಾರುತ್ತದೆ, ಆದರೆ ಅದೇ ಎತ್ತರದಲ್ಲಿ ಅಲ್ಲ. ನಿಧಾನಕ್ಕೆ ಕೆಳಗಿಳಿಯುತ್ತಾ ಹೋಗುತ್ತದೆ.

ಟಿಬೆಟ್ ಮೇಲೆ ವಿಮಾನಗಳೇ ಹೋಗುವುದಿಲ್ಲ ಅನ್ನುವ ಮಾತು ಕೇಳಿರುತ್ತೀರಿ. ಅದು ಸುಳ್ಳು. ಲಾಸಾದಲ್ಲಿ ಸುಮಾರು 3,570 ಮೀಟರ್ ಎತ್ತರದಲ್ಲಿ ವಿಮಾನ ನಿಲ್ದಾಣವೇ ಇದೆ, ದಿನಾ ವಿಮಾನಗಳು ಇಳಿಯುತ್ತವೆ. ಆದರೆ ಆ ದಾರಿಗೆ ಜಾಸ್ತಿ ಆಮ್ಲಜನಕ ಬೇಕು, ತಪ್ಪಿಸಿಕೊಳ್ಳುವ ದಾರಿಗಳನ್ನು ಮೊದಲೇ ಗೊತ್ತು ಮಾಡಿರಬೇಕು, ಪೈಲಟ್‌ಗಳಿಗೆ ಬೇರೆ ತರಬೇತಿ ಆಗಿರಬೇಕು. ಪಕ್ಕದಲ್ಲೇ ಸುಲಭದ ದಾರಿ ಇರುವಾಗ ಇಷ್ಟೆಲ್ಲ ಯಾರಿಗೆ ಬೇಕು?

ಹಾಗಾಗಿ ದೆಹಲಿಯಿಂದ ಹೊರಟ ವಿಮಾನ ಹಿಮಾಲಯವನ್ನು ಎಡಗಡೆ ಬಿಟ್ಟುಕೊಂಡು ಗಂಗೆಯ ಬಯಲಿನ ಮೇಲೆ ಪೂರ್ವಕ್ಕೆ ಸಾಗುತ್ತದೆ. ಈಶಾನ್ಯ ರಾಜ್ಯಗಳನ್ನೋ ಬಾಂಗ್ಲಾದೇಶವನ್ನೋ ದಾಟಿ, ಮ್ಯಾನ್ಮಾರ್‌ನ ಉತ್ತರ ಭಾಗದ ಮೇಲೆ ಹಾದು, ಕುನ್ಮಿಂಗ್ ಕಡೆಯಿಂದ ಚೀನಾ ಹೊಕ್ಕು, ಪೂರ್ವ ಕರಾವಳಿಯ ಕಡೆಗೆ ಹೋಗಿ, ಸಮುದ್ರ ದಾಟಿ ಜಪಾನ್. ದಾರಿ ದಿನದಿನಕ್ಕೂ ಸ್ವಲ್ಪ ಬದಲಾಗುತ್ತದೆ. ಅಂದಾಜಿಗೆ ಬೇಕು ಅಂದರೆ ದೆಹಲಿಯಿಂದ ಇಂಫಾಲ, ಇಂಫಾಲದಿಂದ ಕುನ್ಮಿಂಗ್, ಅಲ್ಲಿಂದ ಶಾಂಘೈ, ಶಾಂಘೈನಿಂದ ಹನೆಡಾ ಅಂತ ನಾಲ್ಕು ತುಂಡು ಮಾಡಿ ಅಳೆಯಿರಿ. ನನಗೆ ಸಿಕ್ಕ ಮೊತ್ತ ಸುಮಾರು 6,370 ಕಿ.ಮೀ. ದಾರದ ದೂರಕ್ಕಿಂತ ಸುಮಾರು 500 ಕಿ.ಮೀ. ಜಾಸ್ತಿ. ಅರ್ಧ ಗಂಟೆಗೂ ಮೇಲಿನ ಹಾರಾಟ ಅದು.

ಈ ದಾರಿಯಲ್ಲಿ ಒಂದು ಮೋಜಿನ ಸಂಗತಿ ನಡೆಯುತ್ತದೆ, ಪ್ರಯಾಣಿಕರಿಗೆ ಗೊತ್ತೇ ಆಗುವುದಿಲ್ಲ. ಭಾರತ, ಮ್ಯಾನ್ಮಾರ್‌ಗಳಲ್ಲಿ ವಿಮಾನದ ಎತ್ತರವನ್ನು ಅಡಿಗಳಲ್ಲಿ ಹೇಳುತ್ತಾರೆ. ಚೀನಾದಲ್ಲಿ ಮೀಟರ್‌ನಲ್ಲಿ. 35,000 ಅಡಿಯಲ್ಲಿ ಬರುತ್ತಿದ್ದ ವಿಮಾನಕ್ಕೆ ಗಡಿ ದಾಟುವಾಗ 10,700 ಮೀಟರ್‌ಗೆ ಹೋಗಿ ಅಂತ ಹೇಳಬಹುದು. ಅದು ಅಡಿ ಲೆಕ್ಕದಲ್ಲಿ 35,100. ಅಂದರೆ ಅಳತೆಯ ಪದ್ಧತಿ ಬದಲಾಯಿತು ಅನ್ನುವ ಒಂದೇ ಕಾರಣಕ್ಕೆ ವಿಮಾನ ನೂರು ಅಡಿ ಮೇಲೇರುತ್ತದೆ.

ಗಾಳಿಯ ಲೆಕ್ಕ

ಇಲ್ಲಿಯವರೆಗೆ ಹೇಳಿದ್ದೆಲ್ಲ ಎರಡೂ ಕಡೆಗೆ ಸಮಾನ. ಹೋಗುವಾಗ ಹಿಮಾಲಯ ಬಳಸಿದರೆ ಬರುವಾಗಲೂ ಬಳಸಬೇಕು. ಒಂದೂವರೆ ಗಂಟೆಯ ವ್ಯತ್ಯಾಸಕ್ಕೆ ಕಾರಣ ಇನ್ನೂ ಸಿಕ್ಕಿಲ್ಲ.

ಈ ಪ್ರಶ್ನೆ ಕೇಳಿದಾಗ ಹತ್ತರಲ್ಲಿ ಆರು ಜನ ಕೊಡುವ ಉತ್ತರ: 'ಭೂಮಿ ತಿರುಗುತ್ತದಲ್ಲ, ಅದಕ್ಕೆ.' ಹತ್ತು, ಆರು ಅಂದದ್ದು ಮಾತಿಗೆ, ನಾನೇನೂ ಎಣಿಸಿಲ್ಲ. ಆದರೆ ಈ ಉತ್ತರವನ್ನು ಒಂದು ನಿಮಿಷ ನಂಬಿ ನೋಡೋಣ. ಭೂಮಿ ತಿರುಗುವುದು ಪಶ್ಚಿಮದಿಂದ ಪೂರ್ವಕ್ಕೆ. ವಿಮಾನ ಮೇಲೆ ಹಾರಿದಾಗ ಕೆಳಗೆ ಭೂಮಿ ಜಾರಿಕೊಂಡು ಹೋಗುವುದಾದರೆ, ಟೋಕಿಯೊ ನಮ್ಮಿಂದ ಪೂರ್ವಕ್ಕೆ ಓಡಿಹೋಗುತ್ತಿರುತ್ತದೆ. ಬರುವಾಗ ದೆಹಲಿಯೇ ಎದುರಿಗೆ ಓಡಿ ಬರುತ್ತದೆ. ಅಂದರೆ ಬರುವ ಪ್ರಯಾಣ ಬೇಗ ಮುಗಿಯಬೇಕಿತ್ತು. ಆಗುವುದು ಇದರ ತದ್ವಿರುದ್ಧ. ಭೂಮಿಯ ಜೊತೆಗೆ ಗಾಳಿಯೂ ತಿರುಗುತ್ತದೆ, ಗಾಳಿಯೊಳಗಿನ ವಿಮಾನವೂ ತಿರುಗುತ್ತದೆ. ಹಾಗಿಲ್ಲದಿದ್ದರೆ ಸುಮ್ಮನೆ ಒಮ್ಮೆ ಮೇಲಕ್ಕೆ ನೆಗೆದರೂ ಬೇರೆ ಕಡೆ ಬೀಳುತ್ತಿದ್ದೆವು.

ಕಾರಣ ಗಾಳಿ. ವಿಮಾನ ಹಾರುವ ಎತ್ತರದಲ್ಲಿ, ನಮ್ಮ ಈ ಅಕ್ಷಾಂಶಗಳಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಒಂದು ನದಿಯಂತೆ ಗಾಳಿ ಹರಿಯುತ್ತಿರುತ್ತದೆ. ಜೆಟ್ ಸ್ಟ್ರೀಮ್ ಅಂತ ಹೆಸರು. ಭೂಮಧ್ಯರೇಖೆಯ ಕಡೆಯ ಬಿಸಿ ಗಾಳಿ ಮೇಲೆದ್ದು ಉತ್ತರಕ್ಕೆ ಹೊರಡುತ್ತದೆ. ಭೂಮಿ ತಿರುಗುತ್ತಿರುವುದರಿಂದ ಅದು ನೇರ ಹೋಗದೆ ಬಲಕ್ಕೆ, ಅಂದರೆ ಪೂರ್ವಕ್ಕೆ ವಾಲುತ್ತದೆ. ಹೀಗೆ ನೋಡಿದರೆ 'ಭೂಮಿ ತಿರುಗುತ್ತದಲ್ಲ' ಅಂದವರ ಮಾತಿನಲ್ಲಿ ಒಂದು ಕಾಳು ಸತ್ಯ ಇದೆ. ಭೂಮಿ ವಿಮಾನವನ್ನು ತಳ್ಳುವುದಿಲ್ಲ, ಗಾಳಿಯನ್ನು ತಿರುಗಿಸುತ್ತದೆ. ಗಾಳಿ ವಿಮಾನವನ್ನು ತಳ್ಳುತ್ತದೆ.

ಚಳಿಗಾಲದಲ್ಲಿ ಈ ದಾರಿಯ ಮೇಲೆ ಅದರ ಅಬ್ಬರ ನೋಡಬೇಕು. ಹಿಮಾಲಯ ಮತ್ತು ಟಿಬೆಟ್‌ನ ಗೋಡೆಗೆ ಸಿಕ್ಕಿ ಜೆಟ್ ಸ್ಟ್ರೀಮ್ ಎರಡು ಕವಲಾಗುತ್ತದೆ. ಒಂದು ಟಿಬೆಟ್‌ನ ಉತ್ತರಕ್ಕೆ, ಇನ್ನೊಂದು ಹಿಮಾಲಯದ ದಕ್ಷಿಣಕ್ಕೆ, ಸರಿಯಾಗಿ ನಮ್ಮ ವಿಮಾನ ಹೋಗುವ ಬಯಲಿನ ಮೇಲೆ. ಪೂರ್ವ ಚೀನಾ ದಾಟುವ ಹೊತ್ತಿಗೆ ಎರಡೂ ಸೇರಿಕೊಳ್ಳುತ್ತವೆ. ಜಪಾನಿನ ಮೇಲೆ ಅದು ಜಗತ್ತಿನಲ್ಲೇ ಅತಿ ಜೋರಿನ ಗಾಳಿಗಳಲ್ಲೊಂದು. ಗಂಟೆಗೆ 200 ಕಿ.ಮೀ. ಅಲ್ಲಿ ಮಾಮೂಲು, 300 ದಾಟುವ ದಿನಗಳೂ ಇವೆ. ಮಳೆಗಾಲ ಶುರುವಾಗುವಾಗ ದಕ್ಷಿಣದ ಕವಲು ಹಿಮಾಲಯ ಹಾರಿ ಉತ್ತರಕ್ಕೆ ಹೋಗುತ್ತದೆ, ಬಲವೂ ಕಡಿಮೆಯಾಗುತ್ತದೆ. ಆದ್ದರಿಂದ ಜನವರಿಯಲ್ಲಿ ಹೋಗುವ–ಬರುವ ಹೊತ್ತಿನ ಅಂತರ ಜಾಸ್ತಿ, ಜುಲೈನಲ್ಲಿ ಕಡಿಮೆ.

ಈ ಗಾಳಿಯನ್ನು ಕ್ರಮವಾಗಿ ಅಳೆದ ಮೊದಲಿಗರಲ್ಲಿ ಒಬ್ಬರು ಜಪಾನಿನವರೇ, ವಾಸಬುರೊ ಓಯಿಶಿ ಎಂಬ ಹವಾಮಾನ ತಜ್ಞ. 1920ರ ದಶಕದಲ್ಲಿ ಟೋಕಿಯೊದ ಈಶಾನ್ಯಕ್ಕಿರುವ ತಾತೆನೊ ಎಂಬಲ್ಲಿಂದ ಬಲೂನು ಹಾರಿಸಿ, ದೂರದರ್ಶಕದಂಥ ಉಪಕರಣದಿಂದ ಅದರ ಜಾಡು ಹಿಡಿದು, ಮೇಲಿನ ಗಾಳಿಯ ವೇಗ ಬರೆದಿಟ್ಟರು. 1926ರಲ್ಲಿ ವರದಿ ಪ್ರಕಟವಾಯಿತು. ಜಗತ್ತೆಲ್ಲ ಓದಲಿ ಎಂದು ಅವರು ಅದನ್ನು ಬರೆದದ್ದು ಎಸ್ಪೆರಾಂಟೊ ಭಾಷೆಯಲ್ಲಿ. ಎಲ್ಲ ದೇಶದವರಿಗೂ ಒಂದೇ ಭಾಷೆ ಇರಲಿ ಅಂತ ಕಟ್ಟಿದ ಭಾಷೆ ಅದು. ಪಾಪ, ಹೊರಗೆ ಹೆಚ್ಚಿನವರು ಅದನ್ನು ಓದಲೇ ಇಲ್ಲ. 1944ರ ನವೆಂಬರ್‌ನಲ್ಲಿ ಟೋಕಿಯೊ ಮೇಲೆ ಬಾಂಬ್ ಹಾಕಲು ಬಂದ ಅಮೆರಿಕದ ಬಿ-29 ವಿಮಾನಗಳು ಎತ್ತರದಲ್ಲಿ ಈ ಗಾಳಿಗೆ ಸಿಕ್ಕಿದವು. ಗುರಿ ಹಿಡಿಯುವುದೇ ಕಷ್ಟವಾಯಿತು. ಅದೇ ತಿಂಗಳಿಂದ ಜಪಾನ್ ಅದೇ ಗಾಳಿಗೆ 9,000ಕ್ಕೂ ಹೆಚ್ಚು ಬಾಂಬ್ ಕಟ್ಟಿದ ಬಲೂನುಗಳನ್ನು ಬಿಟ್ಟು ಪೆಸಿಫಿಕ್ ದಾಟಿಸಲು ನೋಡಿತು. ಇವತ್ತು ನಾವು ಕಾಲು ಚಾಚಿಕೊಂಡು ಟೋಕಿಯೊಗೆ ಬೇಗ ಮುಟ್ಟುವುದು ಅದೇ ಗಾಳಿಯ ಮೇಲೆ.

ಲಾಭ ಒಂದು ಗಂಟೆ, ನಷ್ಟ ಒಂದು ಗಂಟೆ ಇಪ್ಪತ್ನಾಲ್ಕು ನಿಮಿಷ

ಈಗ ಲೆಕ್ಕ ಮಾಡೋಣ. ದೊಡ್ಡ ವಿಮಾನಗಳು ಶಬ್ದದ ವೇಗದ ಶೇಕಡ 85ರ ಆಸುಪಾಸಿನಲ್ಲಿ ಹಾರುತ್ತವೆ. ಮೇಲೆ ಹವೆ ಮೈನಸ್ 56 ಡಿಗ್ರಿಯಷ್ಟು ತಣ್ಣಗಿರುವಾಗ ಶಬ್ದದ ವೇಗವೇ ಗಂಟೆಗೆ ಸುಮಾರು 1,060 ಕಿ.ಮೀ. ಹಾಗಾಗಿ ವಿಮಾನದ ವೇಗ ಗಂಟೆಗೆ ಸುಮಾರು 900. ಗಮನಿಸಿ, ಇದು ಗಾಳಿಯ ಲೆಕ್ಕದಲ್ಲಿ ವೇಗ, ನೆಲದ ಲೆಕ್ಕದಲ್ಲಿ ಅಲ್ಲ.

ಏರ್‌ಪೋರ್ಟ್‌ನಲ್ಲಿ ನೆಲವೇ ಓಡುವ ಉದ್ದನೆಯ ಪಟ್ಟಿ ಇರುತ್ತದಲ್ಲ, ಅದರ ಮೇಲೆ ನಡೆದದ್ದು ನೆನಪು ಮಾಡಿಕೊಳ್ಳಿ. ನಿಮ್ಮ ಹೆಜ್ಜೆಯ ವೇಗ ಅಷ್ಟೇ ಇರುತ್ತದೆ. ಪಕ್ಕದ ಅಂಗಡಿಗಳು ಮಾತ್ರ ಸರಸರ ಹಿಂದೆ ಸರಿಯುತ್ತವೆ. ಯಾವುದೋ ಮಗು ತಪ್ಪಿ ಎದುರು ದಿಕ್ಕಿನ ಪಟ್ಟಿ ಹತ್ತಿದರೆ ಓಡಿ ಓಡಿ ಇದ್ದಲ್ಲೇ ಇರುತ್ತದೆ. ವಿಮಾನಕ್ಕೆ ಗಾಳಿ ಅಂದರೆ ಆ ಪಟ್ಟಿ.

ದಾರಿಯನ್ನು ದುಂಡಗೆ 6,300 ಕಿ.ಮೀ. ಅಂತ ಹಿಡಿಯೋಣ. ಗಾಳಿಯೇ ಇಲ್ಲದಿದ್ದರೆ 6,300ನ್ನು 900ರಿಂದ ಭಾಗಿಸಿ: 7 ಗಂಟೆ. ಹೋಗುವಾಗ ಸರಾಸರಿ 150 ಕಿ.ಮೀ. ಹಿಂಗಾಳಿ ಸಿಕ್ಕಿತು ಅನ್ನಿ. ನೆಲದ ಲೆಕ್ಕದ ವೇಗ 1,050. ಹೊತ್ತು 6 ಗಂಟೆ. ಬರುವಾಗ ಅದೇ 150 ಎದುರುಗಾಳಿ. ವೇಗ 750. ಹೊತ್ತು 8 ಗಂಟೆ 24 ನಿಮಿಷ.

ಗಾಳಿ ಎರಡೂ ಕಡೆ ಒಂದೇ 150. ಆದರೂ ಹೋಗುವಾಗ ಉಳಿದದ್ದು 60 ನಿಮಿಷ, ಬರುವಾಗ ಹೋದದ್ದು 84 ನಿಮಿಷ. ಇದೇನು ಮೋಸ? ಮೋಸವಿಲ್ಲ. ಹಿಂಗಾಳಿಯಲ್ಲಿ ವಿಮಾನ ಬೇಗ ಮುಗಿಸಿಬಿಡುತ್ತದೆ, ಹಾಗಾಗಿ ಆ ಗಾಳಿಯ ಸಹಾಯ ಸಿಗುವುದೇ ಆರು ಗಂಟೆ. ಎದುರುಗಾಳಿಯಲ್ಲಿ ನಿಧಾನ, ಹಾಗಾಗಿ ಅದರ ಹೊಡೆತ ತಿನ್ನುವುದು ಎಂಟು ಗಂಟೆಗೂ ಮೇಲೆ. ಒಳ್ಳೆಯ ಗಾಳಿಯಲ್ಲಿ ಕಡಿಮೆ ಹೊತ್ತು, ಕೆಟ್ಟ ಗಾಳಿಯಲ್ಲಿ ಜಾಸ್ತಿ ಹೊತ್ತು. ಇನ್ನೂ ಅನುಮಾನವಿದ್ದರೆ ಎದುರುಗಾಳಿಯನ್ನು 900ಕ್ಕೆ ಏರಿಸಿ ನೋಡಿ. ವಿಮಾನ ಇದ್ದಲ್ಲೇ ನಿಲ್ಲುತ್ತದೆ, ಎಂದಿಗೂ ಮುಟ್ಟುವುದಿಲ್ಲ. ಹಿಂಗಾಳಿ ಎಷ್ಟೇ ಜೋರಾದರೂ ಏಳು ಗಂಟೆಗಿಂತ ಜಾಸ್ತಿ ಉಳಿಸಲು ಆಗುವುದಿಲ್ಲ.

ಅದಕ್ಕೇ ದೂರವನ್ನು ಒಂದು ಗೊತ್ತಾದ ವೇಗದಿಂದ ಭಾಗಿಸಿ, ಎರಡೂ ಕಡೆಗೂ ಒಂದೇ ಹೊತ್ತು ಹೇಳುವ ಲೆಕ್ಕವನ್ನು ನಾನು ನಂಬುವುದಿಲ್ಲ. ಉತ್ತರ–ದಕ್ಷಿಣ ಹೋಗುವ ವಿಮಾನಗಳಿಗೆ, ಉದಾಹರಣೆಗೆ ಸಿಂಗಾಪುರ–ಹಾಂಗ್‌ಕಾಂಗ್ ಥರದ ದಾರಿಗೆ, ಅದು ಒಂದು ಮಟ್ಟಕ್ಕೆ ನಡೆಯುತ್ತದೆ. ಪೂರ್ವ–ಪಶ್ಚಿಮದ ಉದ್ದ ದಾರಿಗೆ ನಡೆಯುವುದಿಲ್ಲ. ಕಿಲೋಮೀಟರ್ ಹೇಳುವುದು ರೇಖಾಗಣಿತ. ಗಂಟೆ ಹೇಳುವುದು ಗಾಳಿ.

ಪೈಲಟ್‌ಗಳೂ ವಿಮಾನದ ದಾರಿ ಹಾಕುವವರೂ ಇದನ್ನು ಸುಮ್ಮನೆ ಸಹಿಸಿಕೊಂಡು ಕೂರುವುದಿಲ್ಲ. ಹೋಗುವಾಗ ಜೆಟ್ ಸ್ಟ್ರೀಮ್‌ನ ನಡುವಿಗೆ ಬೀಳಲು ಸ್ವಲ್ಪ ಬಳಸಿ ಹೋದರೂ ಲಾಭವೇ. ಬರುವಾಗ ಅದರ ಅಂಚಿಗೆ ಸರಿದು ಅಥವಾ ಬೇರೆ ಎತ್ತರ ಕೇಳಿ ತಪ್ಪಿಸಿಕೊಳ್ಳಲು ನೋಡುತ್ತಾರೆ. ಆದರೆ ಈ ದಾರಿಯಲ್ಲಿ ಅದಕ್ಕೆ ಜಾಗ ಕಡಿಮೆ. ಒಂದು ಕಡೆ ಹಿಮಾಲಯ, ಇನ್ನೊಂದು ಕಡೆ ಚೀನಾದ ಆಕಾಶದಲ್ಲಿ ಗೊತ್ತು ಮಾಡಿಟ್ಟ ದಾರಿಗಳು.

ಬಾಗಿಲಿಂದ ಬಾಗಿಲಿಗೆ

ಹಾರಾಟ 6 ಗಂಟೆ ಅಂದಿರಿ, ಟಿಕೆಟ್‌ನಲ್ಲಿ 8 ಇದೆಯಲ್ಲ? ಟಿಕೆಟ್‌ನಲ್ಲಿರುವುದು ಗಾಳಿಯಲ್ಲಿದ್ದ ಹೊತ್ತಲ್ಲ. ನಿಲ್ದಾಣದ ಗೇಟಿನಿಂದ ವಿಮಾನ ಕದಲಿದಲ್ಲಿಂದ, ಇನ್ನೊಂದು ಕಡೆ ಗೇಟಿಗೆ ಬಂದು ನಿಂತು ಚಕ್ರಕ್ಕೆ ಅಡ್ಡ ಇಡುವ ತನಕ. ಇದಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ. ದೆಹಲಿಯಲ್ಲಿ ಗೇಟಿನಿಂದ ರನ್‌ವೇ ತನಕ ಉರುಳಿ, ಸಾಲಿನಲ್ಲಿ ನಿಂತು, ಸರದಿ ಬರುವ ಹೊತ್ತಿಗೆ ಕಾಲು ಗಂಟೆ ಹೋಗಿಬಿಡುತ್ತದೆ. ಜನವರಿಯ ಮಂಜಿನ ದಿನವಾದರೆ ಹೇಳುವ ಹಾಗೇ ಇಲ್ಲ.

ವಿಮಾನ ಏರುವುದು ಗಾಳಿಗೆ ಎದುರಾಗಿ. ಪಶ್ಚಿಮದ ಗಾಳಿ ಇದ್ದ ದಿನ, ಪೂರ್ವದಲ್ಲಿರುವ ಟೋಕಿಯೊಗೆ ಹೋಗುವ ವಿಮಾನವೂ ಪಶ್ಚಿಮಕ್ಕೆ ಮುಖ ಮಾಡಿಯೇ ಏರಿ, ಆಮೇಲೆ ಅರ್ಧ ಸುತ್ತು ತಿರುಗಬೇಕು. ಮೇಲೇರುವ ಮೊದಲ ಇಪ್ಪತ್ತು–ಇಪ್ಪತ್ತೈದು ನಿಮಿಷ 900ರ ವೇಗವೂ ಇರುವುದಿಲ್ಲ. ಇಳಿಯುವಾಗಲೂ ಹಾಗೇ. 35,000 ಅಡಿಯಿಂದ ಇಳಿಯಲು ಸುಮಾರು 200 ಕಿ.ಮೀ. ಮುಂಚೆಯೇ ಶುರು ಮಾಡಬೇಕು. ಇದೆಲ್ಲ ಸೇರಿ ಮುಕ್ಕಾಲು ಗಂಟೆ, ಒಂದು ಗಂಟೆ.

ಉಳಿದದ್ದು ವೇಳಾಪಟ್ಟಿ ಮಾಡುವವರ ಮುನ್ನೆಚ್ಚರಿಕೆ. ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್‌ನ ಕೊನೆಯ ಭಾನುವಾರ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಅವರು ಬರೆಯಬೇಕಾದದ್ದು ಒಂದು ದಿನದ ಗಾಳಿಯನ್ನಲ್ಲ, ಐದರಿಂದ ಏಳು ತಿಂಗಳ ಗಾಳಿಯನ್ನು. ಹಾಗಾಗಿ ಹಿಂಗಾಳಿ ಅಷ್ಟೇನೂ ಇಲ್ಲದ ದಿನವೂ ಸಮಯಕ್ಕೆ ಮುಟ್ಟುವಷ್ಟು ಬಿಟ್ಟುಕೊಂಡು ಬರೆಯುತ್ತಾರೆ. ಗಾಳಿ ಜೋರಾದ ದಿನ ವಿಮಾನ ಅರ್ಧ ಗಂಟೆ, ಮುಕ್ಕಾಲು ಗಂಟೆ ಮೊದಲೇ ಟೋಕಿಯೊ ಮೇಲೆ ಬಂದು ನಿಲ್ಲುತ್ತದೆ. ಪೈಲಟ್ ಮೈಕ್ ಹಿಡಿದು ಖುಷಿಯಿಂದ ಹೇಳುತ್ತಾರೆ. ಅರ್ಧ ಪಾಲು ಗಾಳಿಯದು, ಇನ್ನರ್ಧ ವೇಳಾಪಟ್ಟಿಯದು.

ಕೊನೆಗೆ ಒಂದು ಪ್ರಶ್ನೆ ಉಳಿಯಿತು. ಟೋಕಿಯೊ ಅಂದರೆ ಯಾವ ಟೋಕಿಯೊ? ಇಷ್ಟು ಹೊತ್ತು ಹನೆಡಾ ಅಂತಲೇ ಲೆಕ್ಕ ಹಾಕಿದೆ. 1978ರಲ್ಲಿ ಶುರುವಾದ ನರಿಟಾ ಇನ್ನೊಂದು ಇದೆ, ಪಕ್ಕದ ಚಿಬಾ ಪ್ರಾಂತದಲ್ಲಿ. ದೆಹಲಿಯಿಂದ ನರಿಟಾಗೆ ದಾರದ ದೂರ ಸುಮಾರು 5,910 ಕಿ.ಮೀ. ಹನೆಡಾಕ್ಕಿಂತ 50 ಜಾಸ್ತಿ. ಆಕಾಶದಲ್ಲಿ ಈ ಐವತ್ತು ಕಿಲೋಮೀಟರ್ ಅಂದರೆ ಮೂರು ನಿಮಿಷ ಚಿಲ್ಲರೆ. ನೆಲದ ಮೇಲೆ ಹಾಗಲ್ಲ. ಹನೆಡಾ ಇರುವುದು ಟೋಕಿಯೊ ನಗರದೊಳಗೇ, ಊರ ನಡುವಿಗೆ ಹದಿನೈದು ಕಿ.ಮೀ. ಆಸುಪಾಸು. ನರಿಟಾ ಊರ ನಡುವಿಂದ ಅರವತ್ತು ಕಿ.ಮೀ. ದೂರ, ವೇಗದ ರೈಲಿನಲ್ಲೂ ಟೋಕಿಯೊ ಸ್ಟೇಷನ್‌ಗೆ ಹತ್ತಿರ ಹತ್ತಿರ ಒಂದು ಗಂಟೆ. ಜೆಟ್ ಸ್ಟ್ರೀಮ್ ಆರು ಸಾವಿರ ಕಿಲೋಮೀಟರ್ ತಳ್ಳಿ ಉಳಿಸಿಕೊಟ್ಟ ಒಂದು ಗಂಟೆ ಹೋಗುವುದು ಅಲ್ಲೇ, ಆ ರೈಲಿನಲ್ಲಿ.